ಗುಂಡಿ ರಸ್ತೆಯಲ್ಲಿ ಹಾರ್ಡ್ ಡಿಸ್ಕ್ ಹಾಡುವ ಬಗೆ

ಓಡುವ ಕಾರಿನ ಕುಲುಕಾಟ ಹಾರ್ಡ್ ಡಿಸ್ಕ್ ಇರುವ ಮ್ಯೂಸಿಕ್ ಪ್ಲೇಯರನ್ನು ಎರಡು ಬಗೆಯಲ್ಲಿ ಕಾಡುತ್ತದೆ. ಸಣ್ಣ ಅದುರು ಸತತವಾಗಿದ್ದರೆ ಡಿಸ್ಕ್‌ನಿಂದ ಹಾಡನ್ನು ಓದುವ ಕೆಲಸ ತಡವಾಗುತ್ತದೆ. ದೊಡ್ಡ ಹೊಡೆತ ಬಿದ್ದರೆ ಡಿಸ್ಕ್‌ನ ಮೇಲ್ಮೈಗೇ ಗಾಯವಾಗುತ್ತದೆ. ಜನ ಹೆದರುವುದು ಎರಡನೆಯದಕ್ಕೆ. ರಸ್ತೆಯ ಮೇಲೆ ದಿನವೂ ನಡೆಯುವುದು ಮೊದಲನೆಯದು. ಅದು ಕೇಳುಗರ ಕಿವಿಗೆ ಬೀಳದಂತೆ ಮರೆಮಾಡುವ ಉಪಾಯ ಈ ಪ್ಲೇಯರುಗಳಷ್ಟೇ ಹಳೆಯದು.

ಕಾರಿನಲ್ಲಿ ತಿರುಗುವ ತಟ್ಟೆಯಿಂದ ಹಾಡು ಕೇಳುವ ಆಸೆಗೂ ಹಾರ್ಡ್ ಡಿಸ್ಕ್‌ಗೂ ಕಾಕತಾಳೀಯವಾಗಿ ಒಂದೇ ವಯಸ್ಸು. 1956ರ ಮಾದರಿಯ ಕಾರುಗಳಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ‘ಹೈವೇ ಹೈಫೈ’ ಎಂಬ ಗ್ರಾಮಫೋನನ್ನು ಕೂರಿಸಿತು. ಅದರ 7 ಇಂಚಿನ ರೆಕಾರ್ಡುಗಳು ನಿಮಿಷಕ್ಕೆ 16⅔ ಸುತ್ತಿನಷ್ಟು ನಿಧಾನವಾಗಿ ತಿರುಗುತ್ತಿದ್ದವು. ಮುಳ್ಳು ಜಿಗಿಯದಿರಲೆಂದು ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವ ವ್ಯವಸ್ಥೆ ಇತ್ತು. ಕೆಲವೇ ವರ್ಷಗಳಲ್ಲಿ ಅದು ಮೂಲೆಗೆ ಸರಿಯಿತು. ಅದೇ 1956ರಲ್ಲಿ ಐಬಿಎಂ ತನ್ನ ಮೊದಲ ಹಾರ್ಡ್ ಡಿಸ್ಕ್ ಯಂತ್ರ ‘ರಾಮ್ಯಾಕ್’ ಅನ್ನು ಹೊರತಂದಿತು. 24 ಇಂಚು ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಲೆಕ್ಕದಲ್ಲಿ ಅದು ಒಂದು ಎಂಪಿ3 ಹಾಡು. ಈ ಎರಡು ಯಂತ್ರಗಳ ವಂಶ ಒಂದೇ ಡ್ಯಾಶ್‌ಬೋರ್ಡಿನಲ್ಲಿ ಕೂಡಲು ನಾಲ್ಕು ದಶಕ ಹಿಡಿಯಿತು.

ನಡುವೆ ಕ್ಯಾಸೆಟ್ ಬಂತು, ಸಿಡಿ ಬಂತು. ಕುಲುಕಾಟದ ಮಟ್ಟಿಗೆ ಕ್ಯಾಸೆಟ್ಟಿನಷ್ಟು ಗಟ್ಟಿ ಸಾಧನ ಆಗ ಇನ್ನೊಂದಿರಲಿಲ್ಲ. ಟೇಪು ಹೆಡ್ಡಿಗೆ ಒತ್ತಿಕೊಂಡೇ ಸಾಗುವುದರಿಂದ ಅದು ದಾರಿ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಪಯೊನೀರ್ ಕಂಪನಿ 1984ರಲ್ಲಿ ಕಾರಿಗೆ ಸಿಡಿ ಪ್ಲೇಯರ್ ತಂದಾಗ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಹಾಡು ಹಾರುವ ಕಾಟ ಶುರುವಾಯಿತು. ಸಿಡಿಯ ಸುರುಳಿಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ತೆಳು ತಂತಿಗಳ ಮೇಲೆ ತೂಗುವ ಮಸೂರವೊಂದು ಲೇಸರ್ ಕಿರಣವನ್ನು ಈ ದಾರಿಯಲ್ಲೇ ನಿಲ್ಲಿಸಬೇಕು. ಹಾಡಿನ ವೇಗಕ್ಕೆ ಸರಿಯಾಗಿ ಓದುವ ಹಳೆಯ ಸಿಡಿ ಪ್ಲೇಯರಿಗೆ ತಪ್ಪಿದ್ದನ್ನು ಮತ್ತೆ ಓದಲು ಬಿಡುವೇ ಇರುತ್ತಿರಲಿಲ್ಲ. ಇಷ್ಟೆಲ್ಲ ಕಂಡವರಿಗೆ ಹಾರ್ಡ್ ಡಿಸ್ಕನ್ನು ಕಾರಿಗೆ ಹಾಕುವುದು ಹುಚ್ಚುತನವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಹಾಕಿ ನೋಡಿದಾಗ ಅದು ಸಿಡಿಗಿಂತ ಚೆನ್ನಾಗಿಯೇ ಹಾಡಿತು.

ಮೊದಲು ಹಾಕಿದವರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ‘ಎಂಪೆಗ್’ ಎಂಬ ಪುಟ್ಟ ಕಂಪನಿ ಮುಖ್ಯ. 1999ರಲ್ಲಿ ಗ್ರಾಹಕರ ಕೈಸೇರಿದ ಇದರ ಪ್ಲೇಯರು ಮಾಮೂಲಿ ಕಾರ್ ಸ್ಟೀರಿಯೊ ಕೂರುವಷ್ಟೇ ಜಾಗದಲ್ಲಿ ಕೂರುತ್ತಿತ್ತು. ಒಳಗೆ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಲ್ಯಾಪ್‌ಟಾಪಿಗೆ ಹಾಕುವ 2.5 ಇಂಚಿನ ಒಂದೋ ಎರಡೋ ಹಾರ್ಡ್ ಡಿಸ್ಕ್. ಹಿಡಿಕೆ ಹಿಡಿದು ಎಳೆದರೆ ಇಡೀ ಪೆಟ್ಟಿಗೆ ಡ್ಯಾಶ್‌ಬೋರ್ಡಿನಿಂದ ಕಳಚಿ ಬರುತ್ತಿತ್ತು. ಮನೆಗೆ ಒಯ್ದು ಕಂಪ್ಯೂಟರಿಗೆ ಜೋಡಿಸಿ ಹಾಡು ತುಂಬಿಕೊಳ್ಳಬೇಕು. ಸಾವಿರ ಡಾಲರಿಗೂ ಮಿಕ್ಕಿದ ಬೆಲೆಯಾದ್ದರಿಂದ ಕೊಂಡವರ ಸಂಖ್ಯೆ ಕಡಿಮೆ. 2000ರಲ್ಲಿ ಅಮೆರಿಕದ ಸೋನಿಕ್‌ಬ್ಲೂ ಕಂಪನಿ ಎಂಪೆಗ್ಗನ್ನು ಕೊಂಡು ‘ರಿಯೊ ಕಾರ್’ ಎಂದು ಹೆಸರು ಬದಲಿಸಿತು, ಮರುವರ್ಷವೇ ತಯಾರಿಕೆ ನಿಲ್ಲಿಸಿತು. ಅಷ್ಟರೊಳಗೆ ಅದು ಒಂದು ವಿಷಯವನ್ನು ತೋರಿಸಿಕೊಟ್ಟಿತ್ತು: ಮೇಜಿನ ಮೇಲೆ ಬಳಸಲೆಂದು ಮಾಡಿದ ಡಿಸ್ಕ್ ಕೂಡ ಓಡುವ ಕಾರಿನಲ್ಲಿ ಕೆಲಸ ಮಾಡಬಲ್ಲದು, ಅದನ್ನು ಓದಿಸುವ ರೀತಿ ಜಾಣತನದ್ದಾಗಿದ್ದರೆ.

ಹೇಗೆಂದು ತಿಳಿಯಲು ಡಿಸ್ಕ್‌ನ ಒಳಗನ್ನು ನೋಡಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆ ತಿರುಗುತ್ತಿರುತ್ತದೆ. ಆ ಕಾಲದ ಲ್ಯಾಪ್‌ಟಾಪ್ ಡಿಸ್ಕ್‌ಗಳ ವೇಗ ನಿಮಿಷಕ್ಕೆ 4,200 ಸುತ್ತು, ಅಂದರೆ ಸೆಕೆಂಡಿಗೆ 70. ನಂತರ ಸಾಮಾನ್ಯವಾದದ್ದು 5,400 ಸುತ್ತು. ತಟ್ಟೆಯ ಮೇಲೆ ತೋಳೊಂದು ಆಡುತ್ತದೆ. ಅದರ ತುದಿಯಲ್ಲಿ ಓದುವ ಮತ್ತು ಬರೆಯುವ ಹೆಡ್ಡು. ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆಯೊಂದಿಗೆ ಸುತ್ತುವ ಗಾಳಿಯ ಪದರದ ಮೇಲೆ ಕೆಲವೇ ನ್ಯಾನೊಮೀಟರುಗಳಿಂದ ಕೆಲವು ಹತ್ತು ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುತ್ತದೆ. ತಲೆಕೂದಲಿನ ದಪ್ಪ 50,000 ನ್ಯಾನೊಮೀಟರಿಗೂ ಹೆಚ್ಚು ಎಂದರೆ ಈ ಅಂತರ ಎಂಥದೆಂದು ಅಂದಾಜಾದೀತು. ಒಂದು ಸಣ್ಣ ಸ್ಪ್ರಿಂಗು ಹೆಡ್ಡನ್ನು ತಟ್ಟೆಯ ಕಡೆಗೆ ಒತ್ತುತ್ತಿರುತ್ತದೆ, ಗಾಳಿಯ ಪದರ ಅದನ್ನು ಎತ್ತಿ ಹಿಡಿದಿರುತ್ತದೆ. ಈ ಪದರ ಮೆತ್ತಗಿನದೆಂದು ತೋರಿದರೂ ನಿಜದಲ್ಲಿ ಬಹಳ ಬಿಗಿ. ರಸ್ತೆಯ ಸಾಮಾನ್ಯ ಕುಲುಕಾಟಕ್ಕೆ ಹೆಡ್ಡು ಕೆಳಗೆ ಬಂದು ತಟ್ಟೆಗೆ ತಗಲುವುದು ಸುಲಭವಲ್ಲ.

ತಗಲದಿದ್ದರೂ ಅಡ್ಡಕ್ಕೆ ಸರಿಯಬಹುದು. ಮಾಹಿತಿ ಇರುವುದು ತಟ್ಟೆಯ ಮೇಲಿನ ವೃತ್ತಾಕಾರದ ಟ್ರ್ಯಾಕ್‌ಗಳಲ್ಲಿ. ಇಂಚಿಗೆ ಒಂದು ಲಕ್ಷ ಟ್ರ್ಯಾಕ್ ಇರುವ ಡಿಸ್ಕ್‌ನಲ್ಲಿ ಎರಡು ಟ್ರ್ಯಾಕ್‌ಗಳ ನಡುವಿನ ದೂರ ಸುಮಾರು 250 ನ್ಯಾನೊಮೀಟರ್, ಸಿಡಿಯ ಆರನೆಯ ಒಂದು ಭಾಗಕ್ಕಿಂತ ಕಡಿಮೆ. ಹೆಡ್ಡು ಅದರ ನಡುಗೆರೆಯಿಂದ ಹತ್ತರಲ್ಲೊಂದು ಪಾಲಿಗಿಂತ ಆಚೀಚೆ ಸರಿಯದೆ ನಿಂತರೆ ಒಳ್ಳೆಯದು. ಹಾಗೆ ನಿಲ್ಲಿಸಲು ಪ್ರತಿ ಟ್ರ್ಯಾಕ್‌ನಲ್ಲೂ ಕಾರ್ಖಾನೆಯಲ್ಲೇ ಬರೆದಿಟ್ಟ ಗುರುತುಗಳಿರುತ್ತವೆ, ಒಂದು ಸುತ್ತಿಗೆ ನೂರಾರು. ಹೆಡ್ಡು ಪ್ರತಿ ಗುರುತನ್ನೂ ಓದಿ ತಾನು ಎಷ್ಟು ಸರಿದಿದ್ದೇನೆಂದು ತಿಳಿಸುತ್ತದೆ, ನಿಯಂತ್ರಕ ಸರ್ಕಿಟ್ ತೋಳನ್ನು ತಿದ್ದುತ್ತದೆ. ಈ ತಿದ್ದುವಿಕೆ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಇದಕ್ಕೆ ಸರ್ವೊ ಎಂದು ಹೆಸರು.

ಸಿಡಿಗಿಂತ ಕಿರಿದಾದ ದಾರಿಯಲ್ಲೂ ಹಾರ್ಡ್ ಡಿಸ್ಕ್ ಕಡಿಮೆ ತಪ್ಪುವುದಕ್ಕೆ ಒಂದು ಕಾರಣ ತೋಳಿನ ರಚನೆ. ತೋಳು ಒಂದು ಕೀಲಿನ ಸುತ್ತ ತಿರುಗುತ್ತದೆ. ಕೀಲಿನ ಒಂದು ಬದಿಗೆ ಹೆಡ್ಡು, ಇನ್ನೊಂದು ಬದಿಗೆ ಅದನ್ನು ತಳ್ಳುವ ತಂತಿಸುರುಳಿ. ಎರಡೂ ಬದಿಯ ತೂಕ ಸರಿದೂಗುವಂತೆ ಮಾಡಿರುತ್ತಾರೆ. ಹಾಗಾಗಿ ಡಿಸ್ಕ್ ಮೇಲೆ ಕೆಳಗೆ, ಹಿಂದೆ ಮುಂದೆ ನೇರವಾಗಿ ಅಲುಗಿದರೆ ತೋಳನ್ನು ತಿರುಗಿಸುವ ಬಲ ಹೆಚ್ಚು ಹುಟ್ಟುವುದಿಲ್ಲ. ಇಡೀ ಪೆಟ್ಟಿಗೆಯೇ ತನ್ನ ನಡುವಿನ ಸುತ್ತ ತಿರುಚಿದಂತೆ ಅದುರಿದಾಗ ಮಾತ್ರ ತಟ್ಟೆಯ ಟ್ರ್ಯಾಕ್ ಪೆಟ್ಟಿಗೆಯ ಜೊತೆ ಸರಿಯುತ್ತದೆ, ತೋಳು ತನ್ನ ಜಾಗದಲ್ಲೇ ಉಳಿಯಲು ನೋಡುತ್ತದೆ. ಹಾರ್ಡ್ ಡಿಸ್ಕ್‌ಗೆ ನೇರ ಕುಲುಕಾಟಕ್ಕಿಂತ ಈ ತಿರುಚು ಕಂಪನ ದೊಡ್ಡ ಶತ್ರು. ಡಿಸ್ಕನ್ನು ಒಂದೇ ಮೂಲೆಯಲ್ಲಿ ಬಿಗಿದು ಉಳಿದದ್ದನ್ನು ತೂಗಬಿಡಬಾರದು ಎನ್ನುವುದು ಇದೇ ಕಾರಣಕ್ಕೆ.

ಕಾರಿನಲ್ಲಿ ಹುಟ್ಟುವ ಕಂಪನಗಳೆಲ್ಲ ಒಂದೇ ತೆರನಾದವಲ್ಲ. ಸ್ಪ್ರಿಂಗುಗಳ ಮೇಲೆ ಕೂತ ಬಾಡಿ ಸೆಕೆಂಡಿಗೆ ಒಂದು, ಒಂದೂವರೆ ಸಲ ಮೇಲೆ ಕೆಳಗೆ ತೂಗುತ್ತದೆ. ಹಂಪ್ ದಾಟಿದ ಮೇಲೆ ಹೊಟ್ಟೆಯಲ್ಲಿ ಆಗುವ ಅನುಭವ ಇದರದು. ಸ್ಪ್ರಿಂಗಿನ ಕೆಳಗಿರುವ ಚಕ್ರ ಮತ್ತು ಆಕ್ಸಲ್ ತಮ್ಮದೇ ಆದ ಕುಣಿತ ಕುಣಿಯುತ್ತವೆ, ಸೆಕೆಂಡಿಗೆ 10ರಿಂದ 15 ಸಲ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 750 ಸುತ್ತಿನಲ್ಲಿ ಐಡ್ಲಿಂಗ್ ಇದ್ದಾಗ ಸೆಕೆಂಡಿಗೆ 25 ಸಲ ಬಾಡಿಯನ್ನು ಅದುರಿಸುತ್ತದೆ, 3,000 ಸುತ್ತಿಗೆ ಏರಿದಾಗ 100 ಸಲ. ನಮ್ಮ ರಸ್ತೆಗಳಲ್ಲಿ ಈಗ ಹೆಚ್ಚಾಗಿರುವ ಮೂರು ಸಿಲಿಂಡರಿನ ಸಣ್ಣ ಕಾರುಗಳಲ್ಲಿ ಐಡ್ಲಿಂಗ್ ಅದುರು ಸೆಕೆಂಡಿಗೆ ಸುಮಾರು 19. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಮೇಲಿಟ್ಟ ಕೈಗೆ ಅದು ಗೊತ್ತಾಗುತ್ತದೆ. ಟೈರು ಒರಟು ಡಾಂಬರನ್ನು ಉಜ್ಜಿಕೊಂಡು ಓಡುವಾಗ ಏಳುವ ಮೊರೆತ ಇನ್ನೂ ಮೇಲಿನ ಆವೃತ್ತಿಯದು, ನೂರರಿಂದ ಕೆಲವು ನೂರು ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ.

ಮಣ್ಣಿನ ರಸ್ತೆಗಳಲ್ಲಿ ಅಡ್ಡಡ್ಡಲಾಗಿ ಏಳುವ ಅಲೆಗಳದು ಬೇರೆಯೇ ಕಥೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಅಲೆಗಳು 80 ಸೆಂಟಿಮೀಟರಿಗೊಂದರಂತೆ ಇದ್ದರೆ ಚಕ್ರಕ್ಕೆ ಸೆಕೆಂಡಿಗೆ 14 ಏಟು. ಇದು ಚಕ್ರದ ಸ್ವಂತ ಕುಣಿತದ ಲಯಕ್ಕೆ ಸರಿಹೊಂದುವುದರಿಂದ ಅದುರು ಬೆಳೆಯುತ್ತಾ ಹೋಗುತ್ತದೆ. ಸ್ವಲ್ಪ ವೇಗ ಹೆಚ್ಚಿಸಿದರೆ ಅದೇ ರಸ್ತೆ ನಯವಾದಂತೆ ಅನ್ನಿಸುವುದೂ ಈ ಲೆಕ್ಕದಿಂದಲೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲದ ಹಂಪ್ ದಾಟುವಾಗ ಬಾಡಿ ತೂಗುತ್ತದೆಯೇ ಹೊರತು ಬಡಿತ ಬೀಳುವುದಿಲ್ಲ. ಬಡಾವಣೆಯ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಏಳುವ ಗಿಡ್ಡ ಗೋಡೆಯಂಥ ಹಂಪುಗಳು ಈ ಅಳತೆಯನ್ನು ಕಂಡವೇ ಅಲ್ಲ. ಡಿಸ್ಕ್‌ಗೆ ಬೀಳುವ ಏಟಿನ ದೃಷ್ಟಿಯಿಂದ ಅವು ಗುಂಡಿಗೆ ಸಮ.

ಇಷ್ಟು ಬಗೆಯ ಅದುರುಗಳಲ್ಲಿ ಡಿಸ್ಕನ್ನು ನಿಜವಾಗಿ ಕಂಗೆಡಿಸುವುದು ಮೈಗೆ ಹೆಚ್ಚು ಗೊತ್ತಾಗುವ ನಿಧಾನದ ಅದುರಲ್ಲ. ಸೆಕೆಂಡಿಗೆ ಹತ್ತಿಪ್ಪತ್ತು ಸಲದ ಅಲುಗಾಟವನ್ನು ಸರ್ವೊ ಸುಲಭವಾಗಿ ಹಿಂಬಾಲಿಸುತ್ತದೆ. ತಿದ್ದಿಕೊಳ್ಳಲು ಅದಕ್ಕೆ ಬೇಕಾದಷ್ಟು ಸಮಯವಿದೆ. ಆವೃತ್ತಿ ಹಲವು ನೂರು ಹರ್ಟ್ಸ್ ದಾಟಿ ಸಾವಿರದ ಹತ್ತಿರ ಬಂದಾಗ ಸರ್ವೊದ ಕೈ ಕಟ್ಟಿಹೋಗುತ್ತದೆ: ತಪ್ಪನ್ನು ಅಳೆದು ತಿದ್ದುವಷ್ಟರಲ್ಲಿ ತೋಳು ಇನ್ನೊಂದು ಬದಿಗೆ ಸರಿದಿರುತ್ತದೆ. ಭೂಮಿಯ ಗುರುತ್ವದಷ್ಟು, ಅಂದರೆ 1 ಜಿ ವೇಗೋತ್ಕರ್ಷದ ಅದುರು 15 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚಿನ ಚಲನೆ. ಅದೇ 1 ಜಿ 1,000 ಹರ್ಟ್ಸ್‌ನಲ್ಲಿ ಕೇವಲ 250 ನ್ಯಾನೊಮೀಟರ್. ಕಣ್ಣಿಗೆ ಕಾಣದ, ಕೈಗೆ ತಿಳಿಯದ ಆ ಚಲನೆ ಸರಿಯಾಗಿ ಒಂದು ಟ್ರ್ಯಾಕ್‌ನ ಅಗಲದಷ್ಟಿದೆ. ಪುಣ್ಯಕ್ಕೆ ಅಷ್ಟು ಬಲದ ಮೇಲಿನ ಆವೃತ್ತಿಯ ಕಂಪನ ರಸ್ತೆಯಿಂದ ಸೀಟಿನವರೆಗೆ ಬರುವುದೇ ಇಲ್ಲ. ಟೈರು, ಬುಷ್, ಸ್ಪ್ರಿಂಗುಗಳು ದಾರಿಯಲ್ಲೇ ಅದನ್ನು ನುಂಗುತ್ತವೆ. ಸಡಿಲವಾದ ಸ್ಕ್ರೂ, ಬಿಗಿಯದ ಬ್ರ್ಯಾಕೆಟ್, ಡ್ಯಾಶ್‌ಬೋರ್ಡಿನೊಳಗೆ ಕಟಕಟ ಎನ್ನುವ ಪ್ಲಾಸ್ಟಿಕ್ ಮಾತ್ರ ಡಿಸ್ಕ್‌ನ ಪಕ್ಕದಲ್ಲೇ ಅಂಥ ಕಂಪನ ಹುಟ್ಟಿಸಬಲ್ಲವು. ಗುಂಡಿಯ ಏಟು ಸಡಿಲ ಪೆಟ್ಟಿಗೆಯನ್ನು ಲೋಹಕ್ಕೆ ಲೋಹ ಬಡಿಸಿದಾಗ ನಿಧಾನದ ಅದುರು ಚೂಪಾದ ಹೊಡೆತವಾಗಿ ಬದಲಾಗುತ್ತದೆ.

ಶಬ್ದವೂ ಕಂಪನವೇ. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನ ಮುಂದೆ ನಿಂತು ಜೋರಾಗಿ ಕೂಗಿ, ಆ ಕ್ಷಣದಲ್ಲೇ ಓದು ಬರಹದ ವಿಳಂಬ ಏರುವುದನ್ನು ಪರದೆಯ ಮೇಲೆ ತೋರಿಸಿದ ವಿಡಿಯೊ ಹೆಸರಾಯಿತು. 2016ರ ಸೆಪ್ಟೆಂಬರಿನಲ್ಲಿ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ನಂದಿಸುವ ಅನಿಲದ ಪರೀಕ್ಷೆ ನಡೆದಾಗ, ಅನಿಲ ನುಗ್ಗಿದ ಸದ್ದಿಗೇ ಹಾರ್ಡ್ ಡಿಸ್ಕ್‌ಗಳು ಕೆಟ್ಟು ಬ್ಯಾಂಕಿನ ಸೇವೆ ಗಂಟೆಗಟ್ಟಲೆ ನಿಂತಿತು. ಸಂಗೀತಕ್ಕೆ ನೇರ ಸಂಬಂಧಿಸಿದ ಪ್ರಸಂಗವನ್ನು ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2022ರಲ್ಲಿ ಬರೆದರು: ಜಾನೆಟ್ ಜಾಕ್ಸನ್ ಅವರ ‘ರಿದಮ್ ನೇಷನ್’ ಹಾಡಿನ ವಿಡಿಯೊ ಹಾಕಿದರೆ ಕೆಲವು ಹಳೆಯ ಲ್ಯಾಪ್‌ಟಾಪುಗಳು ನಿಂತುಹೋಗುತ್ತಿದ್ದವು. ಪಕ್ಕದಲ್ಲಿಟ್ಟ ಇನ್ನೊಂದು ಲ್ಯಾಪ್‌ಟಾಪ್ ಕೂಡ, ಅದರಲ್ಲಿ ಹಾಡು ಓಡದಿದ್ದರೂ, ನಿಲ್ಲುತ್ತಿತ್ತು. ಆ ಹಾಡಿನಲ್ಲಿದ್ದ ಒಂದು ಸ್ವರ ನಿಮಿಷಕ್ಕೆ 5,400 ಸುತ್ತಿನ ಒಂದು ಮಾದರಿಯ ಡಿಸ್ಕ್‌ನ ಸಹಜ ಆವೃತ್ತಿಗೆ ಹೊಂದಿ ಅನುರಣನ ಉಂಟುಮಾಡುತ್ತಿತ್ತು. ತಯಾರಕರು ಆ ಆವೃತ್ತಿಯ ಧ್ವನಿಯನ್ನೇ ಸೋಸಿ ತೆಗೆಯುವ ವ್ಯವಸ್ಥೆ ಮಾಡಿ ಪಾರಾದರು. ಕಾರಿನ ಡಿಕ್ಕಿಯಲ್ಲಿ ದೊಡ್ಡ ಸಬ್‌ವೂಫರ್ ಇಟ್ಟು, ಅದರ ಪೆಟ್ಟಿಗೆಗೇ ಹಾರ್ಡ್ ಡಿಸ್ಕ್ ಪ್ಲೇಯರನ್ನು ಸ್ಕ್ರೂ ಹಾಕಿ ಬಿಗಿಯುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಸಿಗಲಾರದು.

ಹೆಡ್ಡು ದಾರಿ ತಪ್ಪಿದಾಗ ಆಗುವುದೇನು? ಓದುತ್ತಿದ್ದರೆ ಹೆಚ್ಚಿನದೇನೂ ಆಗುವುದಿಲ್ಲ. ಆ ತುಣುಕು ಸರಿಯಾಗಿ ಬರಲಿಲ್ಲವೆಂದು ತಿಳಿದ ಡಿಸ್ಕ್, ತಟ್ಟೆ ಇನ್ನೊಂದು ಸುತ್ತು ಬರುವವರೆಗೆ ಕಾದು ಮತ್ತೆ ಓದುತ್ತದೆ. 4,200 ಸುತ್ತಿನ ಡಿಸ್ಕ್‌ನಲ್ಲಿ ಈ ಕಾಯುವಿಕೆ 14 ಮಿಲಿಸೆಕೆಂಡು. ಹತ್ತು ಸಲ ತಪ್ಪಿದರೂ ಸೆಕೆಂಡಿನ ಏಳನೆಯ ಒಂದು ಪಾಲು ಕಳೆದಿರುತ್ತದೆ, ಅಷ್ಟೆ. ಬರೆಯುತ್ತಿದ್ದರೆ ಅಪಾಯ ಬೇರೆ. ಓಡುವ ಬಸ್ಸಿನಲ್ಲಿ ಪುಸ್ತಕ ಓದುವವರು ಸಾಲು ತಪ್ಪಿದರೆ ಮತ್ತೆ ಓದಿಕೊಳ್ಳಬಹುದು. ಬರೆಯುವವರ ಪೆನ್ನು ಜಾರಿದರೆ ಮೇಲಿನ ಸಾಲೂ ಕೆಟ್ಟಿತು. ಡಿಸ್ಕ್‌ನಲ್ಲಿಯೂ ಹಾಗೆಯೇ, ಬರೆಯುವ ಹೆಡ್ಡು ಸರಿದರೆ ಪಕ್ಕದ ಟ್ರ್ಯಾಕ್‌ನ ಮಾಹಿತಿ ಅಳಿಯುತ್ತದೆ. ಇದನ್ನು ತಡೆಯಲು ಹೆಡ್ಡು ಮಿತಿ ಮೀರಿ ಸರಿದ ಕೂಡಲೇ ಬರವಣಿಗೆಯನ್ನು ಕಡಿದುಹಾಕುವ ವ್ಯವಸ್ಥೆ ಡಿಸ್ಕ್‌ಗಳಲ್ಲಿ ಇರುತ್ತದೆ. ಆದರೂ ದಾರಿಯಲ್ಲಿ ಬರೆಯದಿರುವುದೇ ಲೇಸು. ಹಾಡು ತುಂಬುವ ಕೆಲಸವನ್ನು ಮನೆಯಲ್ಲಿ, ಕಾರು ನಿಂತಿದ್ದಾಗ ಮುಗಿಸಿ, ದಾರಿಯಲ್ಲಿ ಬರೀ ಓದಿಸುವ ಎಂಪೆಗ್‌ನ ಏರ್ಪಾಡು ಈ ದೃಷ್ಟಿಯಿಂದ ಸರಿಯಾದದ್ದಾಗಿತ್ತು.

ಹಾರ್ಡ್ ಡಿಸ್ಕ್ ಪ್ಲೇಯರಿನ ನಿಜವಾದ ರಕ್ಷಕ ರಬ್ಬರ್ ಬುಷ್ ಅಲ್ಲ, ಮೆಮೊರಿ ಚಿಪ್. ಸೆಕೆಂಡಿಗೆ 128 ಕಿಲೋಬಿಟ್ ದರದ ಎಂಪಿ3 ಹಾಡಿಗೆ ಸೆಕೆಂಡಿಗೆ ಬೇಕಾದದ್ದು 16 ಕಿಲೋಬೈಟ್. ಐದು ನಿಮಿಷದ ಹಾಡು 5 ಎಂಬಿಗೂ ಕಡಿಮೆ. ಡಿಸ್ಕ್ ಸೆಕೆಂಡಿಗೆ ಹತ್ತಾರು ಎಂಬಿ ಓದಬಲ್ಲದಾದ್ದರಿಂದ ಇಡೀ ಹಾಡು ಒಂದು ಸೆಕೆಂಡಿನೊಳಗೆ ಮೆಮೊರಿಗೆ ಬಂದು ಕೂರುತ್ತದೆ. ಮುಂದಿನ ಐದು ನಿಮಿಷ ಡಿಸ್ಕ್‌ಗೆ ಕೆಲಸವೇ ಇಲ್ಲ. ಎಂಪೆಗ್‌ನ ಕೊನೆಯ ಮಾದರಿಯಲ್ಲಿ 16 ಎಂಬಿ ಮೆಮೊರಿ ಇತ್ತು. ಅದರಲ್ಲಿ ಸಾಫ್ಟ್‌ವೇರಿಗೆ ಬೇಕಾದದ್ದು ಬಿಟ್ಟು ಉಳಿದದ್ದರಲ್ಲಿ ಮುಂದಿನ ಹಾಡುಗಳನ್ನು ತುಂಬಿಕೊಂಡು ಡಿಸ್ಕನ್ನು ನಿಲ್ಲಿಸಿಬಿಡುತ್ತಿತ್ತು. 2001ರಲ್ಲಿ ಬಂದ ಆ್ಯಪಲ್ ಐಪಾಡ್ ಇದೇ ಉಪಾಯವನ್ನು ಜೇಬಿಗೆ ತಂದಿತು: ತೋಶಿಬಾದ 1.8 ಇಂಚಿನ, 5 ಜಿಬಿಯ ಡಿಸ್ಕ್, ಜೊತೆಗೆ 32 ಎಂಬಿ ಮೆಮೊರಿ. 20 ನಿಮಿಷದವರೆಗೆ ಹಾಡು ಹಾರದು ಎಂದು ಕಂಪನಿ ಹೇಳಿಕೊಂಡದ್ದು ಆ ಮೆಮೊರಿಯ ಬಲದ ಮೇಲೆ.

ಡಿಸ್ಕ್ ನಿಂತಿರುವುದರಿಂದ ಇನ್ನೊಂದು ಲಾಭ. ತಿರುಗುತ್ತಿರುವ 2.5 ಇಂಚಿನ ಡಿಸ್ಕ್ 2 ಮಿಲಿಸೆಕೆಂಡಿನ 200ರಿಂದ 400 ಜಿ ಹೊಡೆತ ತಡೆಯುವಂತೆ ಮಾಡಿರುತ್ತಾರೆ. ನಿಂತ ಡಿಸ್ಕ್‌ನ ಹೆಡ್ಡು ತಟ್ಟೆಯ ಆಚೆ ಇಳಿಜಾರು ಪಟ್ಟಿಯ ಮೇಲೆ ಸುರಕ್ಷಿತವಾಗಿ ಕೂತಿರುತ್ತದೆ. ಆಗ ತಡೆಯುವ ಮಿತಿ 800ರಿಂದ 1,000 ಜಿಯವರೆಗೆ ಏರುತ್ತದೆ. ಪದೇ ಪದೇ ನಿಂತು ಹೊರಡುವುದರಿಂದ ಸವೆತ ಹೆಚ್ಚಾಗದೇ ಎಂದರೆ ಲೆಕ್ಕ ಸುಲಭ. ಇಂಥ ಡಿಸ್ಕ್‌ಗಳು ಕನಿಷ್ಠ 3 ಲಕ್ಷ ಸಲ ಹೆಡ್ಡು ಏರಿಸಿ ಇಳಿಸುವುದನ್ನು ತಾಳುವಂತೆ ರಚಿತವಾಗಿರುತ್ತವೆ. ಹತ್ತು ನಿಮಿಷಕ್ಕೊಮ್ಮೆಯಂತೆ ದಿನಕ್ಕೆ ಎರಡು ಗಂಟೆ ಹಾಡಿದರೆ ವರ್ಷಕ್ಕೆ ನಾಲ್ಕೂವರೆ ಸಾವಿರವೂ ಆಗುವುದಿಲ್ಲ. ಕಾರು ಗುಜರಿ ಸೇರಿದರೂ ಆ ಮಿತಿ ಮುಟ್ಟದು.

ಮೆಮೊರಿಯ ಮರೆ ಕೆಲವು ಸಂದರ್ಭಗಳಲ್ಲಿ ಹರಿಯುತ್ತದೆ. ಒಂದರ ಹಿಂದೊಂದು ಹಾಡು ಬದಲಿಸುತ್ತಿದ್ದರೆ ತುಂಬಿಟ್ಟದ್ದೆಲ್ಲ ವ್ಯರ್ಥವಾಗಿ ಪ್ರತಿ ಸಲವೂ ಡಿಸ್ಕ್ ಓದಬೇಕು, ಅದೂ ಗುಂಡಿ ರಸ್ತೆಯಲ್ಲಾದರೆ ಹಾಡು ಶುರುವಾಗಲು ತಡ. ಸಂಕುಚಿಸದ ಹಾಡಿನ ಫೈಲು ನಿಮಿಷಕ್ಕೆ 10 ಎಂಬಿ ನುಂಗುವುದರಿಂದ ಹತ್ತು ನಿಮಿಷದ ಸಂಗ್ರಹ ಒಂದು ನಿಮಿಷಕ್ಕೆ ಇಳಿಯುತ್ತದೆ. ವಿಡಿಯೊ ಆದರೆ ಇನ್ನೂ ಬೇಗ ಖಾಲಿ.

ಇನ್ನು ಡಿಸ್ಕ್ ಮೇಲ್ಮೈಗೆ ಗಾಯವಾಗುವ ಭಯ. ಗುಂಡಿಗೆ ಇಳಿದ ಕಾರಿನ ಬಾಡಿಗೆ ಸಾಮಾನ್ಯವಾಗಿ ತಗಲುವುದು ಒಂದೆರಡು ಜಿ, ಬಹಳವೆಂದರೆ ಕೆಲವು ಜಿ, ಅದೂ ಹತ್ತಾರು ಮಿಲಿಸೆಕೆಂಡುಗಳಲ್ಲಿ ಹರಡಿಕೊಂಡು. ಡಿಸ್ಕ್ ತಡೆಯಬಲ್ಲ ನೂರಾರು ಜಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅದೇ ಡಿಸ್ಕ್ 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ನೆಲಕ್ಕೆ ಬಿದ್ದರೆ ಸೆಕೆಂಡಿಗೆ 3.8 ಮೀಟರ್ ವೇಗದಲ್ಲಿ ಅಪ್ಪಳಿಸುತ್ತದೆ. ಗಟ್ಟಿ ನೆಲದ ಮೇಲೆ ಒಂದು ಮಿಲಿಸೆಕೆಂಡಿನಲ್ಲಿ ನಿಂತರೆ ಹೊಡೆತ ಸುಮಾರು 390 ಜಿ. ಎಂಪೆಗ್‌ನಂಥ ಕಳಚುವ ಪ್ಲೇಯರಿಗೆ ಹದಗೆಟ್ಟ ರಸ್ತೆಗಿಂತ ಕಾರಿನಿಂದ ಮನೆ ಬಾಗಿಲವರೆಗಿನ ಹತ್ತು ಹೆಜ್ಜೆ ಅಪಾಯದ್ದು. ಹೊಡೆತ ಮಿತಿ ಮೀರಿದಾಗ ಹೆಡ್ಡು ತಟ್ಟೆಯಿಂದ ಮೇಲಕ್ಕೆ ನೆಗೆದು ಮತ್ತೆ ಬಂದು ಅಪ್ಪಳಿಸುತ್ತದೆ, ಅದರ ಅಂಚು ತಟ್ಟೆಯನ್ನು ಗೀರುತ್ತದೆ. ಗೀರಿದಾಗ ಎದ್ದ ಕಣಗಳು ಒಳಗೇ ಸುತ್ತುತ್ತಾ ಇನ್ನಷ್ಟು ಗೀರು ಮಾಡುವುದರಿಂದ, ಡಿಸ್ಕ್ ಆ ದಿನವೇ ಸಾಯದೆ ಕೆಲವು ವಾರಗಳ ನಂತರ ಕೈಕೊಡಬಹುದು. ಆಗ ದೂರು ರಸ್ತೆಯ ಮೇಲೆ ಬರುತ್ತದೆ.

ಬೀಳುವುದನ್ನು ಮೊದಲೇ ಗ್ರಹಿಸಿ ಹೆಡ್ಡನ್ನು ಪಕ್ಕಕ್ಕೆ ಇಡುವ ಸಂವೇದಕಗಳನ್ನು ಐಬಿಎಂ 2003ರಲ್ಲಿ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಿಗೆ ಅಳವಡಿಸಿತು. ಕಾರಿನಲ್ಲಿ ಅದೇ ಸಂವೇದಕ ಕಿರಿಕಿರಿ ತರಬಹುದು: ಪ್ರತಿ ಕುಲುಕಿಗೂ ಬೀಳುತ್ತಿದ್ದೇನೆಂದು ಬಗೆದು ಹೆಡ್ಡನ್ನು ಎತ್ತಿಟ್ಟರೆ ಓದುವುದು ಯಾವಾಗ? ಮರುಕಳಿಸುವ ಸಣ್ಣ ಕುಲುಕುಗಳನ್ನು ಕಡೆಗಣಿಸುವ ಆಯ್ಕೆಯನ್ನು ಐಬಿಎಂ ಅದರಲ್ಲಿ ಕೊಟ್ಟಿತ್ತು.

ಡಿಸ್ಕನ್ನು ರಬ್ಬರಿನ ಮೇಲೆ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ರಬ್ಬರ್ ಬುಷ್ ಮೇಲೆ ಕೂತ ಡಿಸ್ಕ್ ತನ್ನದೇ ಆದ ಲಯದಲ್ಲಿ ತೂಗತೊಡಗುತ್ತದೆ. ಡಿಸ್ಕ್‌ನ ಭಾರಕ್ಕೆ ರಬ್ಬರ್ ಒಂದು ಮಿಲಿಮೀಟರ್ ಕುಸಿದರೆ ಆ ಲಯ ಸೆಕೆಂಡಿಗೆ ಸುಮಾರು 16 ಸಲ. ಅದರ ಸುಮಾರು ಒಂದೂವರೆ ಪಟ್ಟು, ಅಂದರೆ 22-23 ಹರ್ಟ್ಸ್ ದಾಟಿದ ಕಂಪನಗಳನ್ನು ಬುಷ್ ತಗ್ಗಿಸುತ್ತದೆ; 16ರ ಆಸುಪಾಸಿನವನ್ನು ಹೆಚ್ಚಿಸುತ್ತದೆ. ಚಕ್ರದ ಕುಣಿತ ಇರುವುದು ಅಲ್ಲಿಯೇ ಹತ್ತಿರ. ಮೆತ್ತಗಿನ ಸ್ಪಂಜು ಹಾಕಿದರೆ ಲಯ ಇನ್ನೂ ಕೆಳಗಿಳಿಯುತ್ತದೆ ನಿಜ, ಆದರೆ ದೊಡ್ಡ ಗುಂಡಿಯಲ್ಲಿ ಅದು ಪೂರಾ ಒತ್ತಿಕೊಂಡು ಡಿಸ್ಕ್ ಪೆಟ್ಟಿಗೆಯ ಗೋಡೆಗೆ ಬಡಿಯುತ್ತದೆ, ಬಿಗಿಯಾಗಿ ಸ್ಕ್ರೂ ಹಾಕಿದ್ದಕ್ಕಿಂತ ಕೇಡು. ಇನ್ನೊಂದು ತೊಡಕು ಡಿಸ್ಕ್‌ನ ಒಳಗಿನದು. ತೋಳು ಥಟ್ಟನೆ ಒಂದು ಕಡೆ ತಿರುಗಿದಾಗ ಡಿಸ್ಕ್‌ನ ಮೈ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ. ಅತಿ ಮೆತ್ತನೆಯ ಆಸರೆಯಲ್ಲಿ ಅದು ತಿರುಗಿಯೂ ಬಿಡುತ್ತದೆ, ತನ್ನ ಚಲನೆಯಿಂದ ತನ್ನನ್ನೇ ಅದುರಿಸಿಕೊಳ್ಳುತ್ತದೆ. ಹಾಗಾಗಿ ಒಳ್ಳೆಯ ಏರ್ಪಾಡಿನಲ್ಲಿ ನಾಲ್ಕೂ ಮೂಲೆಗೆ ಒಂದೇ ಹದದ, ಅದುರನ್ನು ಬೇಗ ತಣಿಸುವ ಗುಣದ ಬುಷ್ ಇರುತ್ತದೆ. ಸುತ್ತ ಕೆಲವು ಮಿಲಿಮೀಟರ್ ಜಾಗ ಬಿಟ್ಟಿರುತ್ತಾರೆ. ಕೇಬಲ್ ಬಿಗಿದೆಳೆಯದಂತೆ ಸಡಿಲವಾಗಿರುತ್ತದೆ. ಇದು ಸಾಧ್ಯವಾಗದಿದ್ದರೆ ಗಟ್ಟಿ ಬ್ರ್ಯಾಕೆಟ್ಟಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿಯುವುದೇ ಮೇಲು.

ರಬ್ಬರಿನ ಇನ್ನೊಂದು ದೋಷವೆಂದರೆ ಅದು ಶಾಖವನ್ನೂ ದಾಟಗೊಡುವುದಿಲ್ಲ. ಕಾರಿನಲ್ಲಿ ಹಾರ್ಡ್ ಡಿಸ್ಕ್‌ಗೆ ಕಂಪನಕ್ಕಿಂತ ದೊಡ್ಡ ಕಂಟಕ ಬಿಸಿ. ಸಾಮಾನ್ಯ ಲ್ಯಾಪ್‌ಟಾಪ್ ಡಿಸ್ಕ್ ಕೆಲಸ ಮಾಡುವ ಮಿತಿ 5ರಿಂದ 55 ಅಥವಾ 60 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರುಗಳ ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಬಲ್ಲದು. ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಡಿಸ್ಕ್‌ನ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿದ್ದಲ್ಲ. ಸೋಸುಕವಿರುವ ಸಣ್ಣ ರಂಧ್ರದಿಂದ ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುತ್ತದೆ. ಗಾಳಿ ತೆಳುವಾದಷ್ಟೂ ಹೆಡ್ಡು ತಗ್ಗಿ ತೇಲುತ್ತದೆ, ಸಣ್ಣ ಕುಲುಕಿಗೂ ತಟ್ಟೆಗೆ ತಗಲುವ ಸಂಭವ ಹೆಚ್ಚುತ್ತದೆ. ಸಾಮಾನ್ಯ ಡಿಸ್ಕ್‌ಗಳ ಮಿತಿ ಸುಮಾರು 3,000 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಆದ್ದರಿಂದ ರಾಜ್ಯದೊಳಗೆ ಚಿಂತೆಯಿಲ್ಲ. ಲಡಾಖ್‌ಗೆ ಕಾರು ಒಯ್ಯುವವರದು ಬೇರೆ ಮಾತು: ಲೇಹ್ ಪಟ್ಟಣವೇ ಸುಮಾರು 3,500 ಮೀಟರ್, ಖಾರ್ದುಂಗ್ ಲಾ 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿದಿರುತ್ತದೆ.

ಕಾರು ತಯಾರಕರು ಹಾರ್ಡ್ ಡಿಸ್ಕನ್ನು ಒಪ್ಪಿಕೊಂಡ ಮೇಲೆ ಅದಕ್ಕೆಂದೇ ಡಿಸ್ಕ್‌ಗಳು ಬಂದವು. ತೋಶಿಬಾದ ವಾಹನ ಶ್ರೇಣಿಯ ಡಿಸ್ಕ್‌ಗಳು ಮೈನಸ್ 30ರಿಂದ 85 ಡಿಗ್ರಿವರೆಗೆ, 5,000 ಮೀಟರಿಗೂ ಮೇಲಿನ ಎತ್ತರದಲ್ಲಿ ಕೆಲಸ ಮಾಡುವಂಥವು. ಜಪಾನಿನಲ್ಲಿ ಪಯೊನೀರ್ 2001ರಲ್ಲಿ ಹಾರ್ಡ್ ಡಿಸ್ಕ್ ಇರುವ ನ್ಯಾವಿಗೇಷನ್ ವ್ಯವಸ್ಥೆಯನ್ನು ಕಾರಿಗೆ ತಂದಿತು. ಕೆನ್‌ವುಡ್‌ನ ‘ಮ್ಯೂಸಿಕ್ ಕೆಗ್’ ಸಿಡಿ ಚೇಂಜರಿನ ವೇಷದಲ್ಲಿ ಕಾರಿಗೆ ಸೇರಿಕೊಂಡಿತು. ಕ್ರೈಸ್ಲರ್‌ನ ‘ಮೈಗಿಗ್’ನಲ್ಲಿ 20 ಜಿಬಿ, ಬಿಎಂಡಬ್ಲ್ಯು 2008ರಲ್ಲಿ ತಂದ ಹೊಸ ಐಡ್ರೈವ್‌ನಲ್ಲಿ 80 ಜಿಬಿ ಡಿಸ್ಕ್ ಇತ್ತು. ಇವುಗಳಲ್ಲಿ ಕೆಲವಕ್ಕೆ ಸಿಡಿ ಹಾಕಿದರೆ ಹಾಡು ಡಿಸ್ಕ್‌ಗೆ ನಕಲಾಗುತ್ತಿತ್ತು, ಎಂದರೆ ಓಡುವಾಗಲೇ ಬರೆಯುವ ಕೆಲಸವೂ ಬಂತು. ಗಟ್ಟಿ ಡಿಸ್ಕ್ ಬೇಕಾದದ್ದು ಅದಕ್ಕೇ.

ಚಲಿಸುವ ಭಾಗವೇ ಇಲ್ಲದ ಫ್ಲ್ಯಾಶ್ ಮೆಮೊರಿ ಅಗ್ಗವಾದ ಮೇಲೆ ಈ ಜಾಣತನವೆಲ್ಲ ಅನಗತ್ಯವಾಯಿತು. ಇಂದು ನೂರಾರು ರೂಪಾಯಿಯ ಪೆನ್‌ಡ್ರೈವ್ ಯಾವ ರಸ್ತೆಯಲ್ಲೂ ಹಾಡು ತಪ್ಪಿಸದು. ಕ್ಯಾಮೆರಾ ಹಾಕಿದ ಬಸ್ಸುಗಳ ಕೆಲವು ರೆಕಾರ್ಡರುಗಳಲ್ಲಿ ಮಾತ್ರ ಹಾರ್ಡ್ ಡಿಸ್ಕ್ ಇನ್ನೂ ಓಡಾಡುತ್ತಿದೆ. ಅಲ್ಲಿ ಇಡೀ ದಿನ ಬರೆಯುವುದೇ ಕೆಲಸವಾದ್ದರಿಂದ ಮೆಮೊರಿಯಲ್ಲಿ ತುಂಬಿಟ್ಟು ಡಿಸ್ಕ್ ನಿಲ್ಲಿಸುವ ಉಪಾಯ ನಡೆಯುವುದಿಲ್ಲ, ಪೂರಾ ಭಾರ ಬುಷ್ ಮತ್ತು ಸ್ಪ್ರಿಂಗುಗಳ ಮೇಲೆ.

ಕಾರಿನ ಯುಎಸ್‌ಬಿ ಕಿಂಡಿಗೆ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಹಾಡು ಕೇಳುವವರು ಈಗಲೂ ಇದ್ದಾರೆ. ಸಾಮಾನ್ಯ ಸ್ಟೀರಿಯೊ ಹಾಡನ್ನು ಚೂರುಚೂರಾಗಿ ಓದುವುದರಿಂದ ಅಲ್ಲಿ ಡಿಸ್ಕ್‌ಗೆ ವಿಶ್ರಾಂತಿ ಸಿಗುವುದಿಲ್ಲ. ಸೀಟಿನ ಮೇಲೆ ಸುಮ್ಮನೆ ಇಟ್ಟರೆ ಬ್ರೇಕ್ ಹಾಕಿದಾಗ ಕೆಳಗೆ ಬೀಳುತ್ತದೆ. ಅದನ್ನು ಮನೆಯಲ್ಲಿ ಬಿಟ್ಟು ಪೆನ್‌ಡ್ರೈವ್ ಒಯ್ಯುವುದು ಒಳ್ಳೆಯದು. ಹಳೆಯ ಕಾರಿನ ಒಳಗೇ ಹಾರ್ಡ್ ಡಿಸ್ಕ್ ಇದ್ದು, ಹಾಡು ಶುರುವಾಗಲು ಮೊದಲಿಗಿಂತ ತಡವಾಗುತ್ತಿದ್ದರೆ, ನಯವಾದ ರಸ್ತೆಯಲ್ಲೂ ನಡುನಡುವೆ ನಿಲ್ಲುತ್ತಿದ್ದರೆ, ತಪ್ಪು ರಸ್ತೆಯದಲ್ಲ, ಡಿಸ್ಕ್ ಸವೆದಿದೆ. ಕಾರಿನಲ್ಲೇ ಸಿಡಿಯಿಂದ ಇಳಿಸಿದ ಹಾಡುಗಳನ್ನು ಹೊರಗೆ ನಕಲು ಮಾಡಿಕೊಳ್ಳಲು ಇಂಥ ಹಲವು ವ್ಯವಸ್ಥೆಗಳು ಬಿಡುವುದಿಲ್ಲ. ಮೂಲ ಸಿಡಿಗಳನ್ನು ಎಸೆಯದೆ ಇಟ್ಟುಕೊಂಡಿರಿ.